ಎಬ್ಬಿಸಲು ಎಷ್ಟು ಹೊತ್ತು ಬೇಕು?

ಕಂಪ್ಯೂಟರ್ ಮಾರುವವನು ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು, ಗ್ಯಾರಂಟಿ ಎಷ್ಟು ವರ್ಷ ಎಂದೆಲ್ಲ ಬಾಯಿತುಂಬ ಹೇಳುತ್ತಾನೆ. ಇದನ್ನು ಮಲಗಿಸುವ ವಿಷಯಕ್ಕೆ ಮನೆಯಲ್ಲಿ ಜಗಳ ಬೀಳುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಸೆಟ್ಟಿಂಗ್ಸ್ ತೆರೆದು, ‘ಸಿಸ್ಟಂ’ ಒತ್ತಿ, ಅದರೊಳಗಿನ ‘ಪವರ್’ಗೆ ಹೋದರೆ ಯಂತ್ರ ಬಲು ವಿನಯದಿಂದ ಎರಡು ಪ್ರಶ್ನೆ ಕೇಳುತ್ತದೆ. ಯಾರೂ ಮುಟ್ಟದಿದ್ದರೆ ಪರದೆಯನ್ನು ಎಷ್ಟು ನಿಮಿಷಕ್ಕೆ ಆರಿಸಲಿ? ನಾನು ಎಷ್ಟು ನಿಮಿಷಕ್ಕೆ ಮಲಗಲಿ? ಉತ್ತರಗಳ ಪಟ್ಟಿ ಒಂದು ನಿಮಿಷದಿಂದ ಹೊರಟು ಐದು ತಾಸು ಮುಟ್ಟಿ, ‘ನೆವರ್’ ಎಂಬಲ್ಲಿಗೆ ನಿಲ್ಲುತ್ತದೆ. ಒಂಟಿಯಾಗಿರುವವನು ಯಾವುದನ್ನಾದರೂ ಒತ್ತಿ ಕೈತೊಳೆದುಕೊಳ್ಳಬಹುದು. ಹಳಿಯಾಳದಂಥ ಊರಿನ ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರ್ ಒಂದೇ ಕೂತು, ಮನೆಮಂದಿಯೆಲ್ಲ ಅದಕ್ಕೆ ವಾರಸುದಾರರಾದಾಗ ಅಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಮಗನ ಪಕ್ಷ ‘ನೆವರ್’. ಅವನದು ಸದಾ ಏನಾದರೊಂದು ಡೌನ್‌ಲೋಡ್ ನಡೆದೇ ಇರುತ್ತದೆ. “ಪಪ್ಪಾ, ತೊಂಬತ್ತೆಂಟು ಪರ್ಸೆಂಟ್ ಆಗೇತ್ರಿ, ಈಗ ಬಂದ್ ಮಾಡಬ್ಯಾಡ್ರಿ” ಎನ್ನುತ್ತಾನೆ. ಆ ತೊಂಬತ್ತೆಂಟು ನೂರಾದದ್ದನ್ನು ಮನೆಯಲ್ಲಿ ಕಂಡವರಿಲ್ಲ. ಅವ್ವನ ಪಕ್ಷ ಒಂದು ನಿಮಿಷ. ಚಿಮಣಿ ದೀಪದ ಕಾಲದಲ್ಲಿ ಬೆಳೆದವಳು. ಎದುರಿಗೆ ಮನುಷ್ಯರಿಲ್ಲದೆ ಉರಿಯುವ ಬೆಳಕೆಲ್ಲ ಅವಳ ಲೆಕ್ಕದಲ್ಲಿ ದಂಡ. ಹೆಂಡತಿ ಯಾವುದೋ ಅಡಿಗೆಯ ವಿಧಾನವನ್ನು ತೆರೆದಿಟ್ಟು ಒಲೆಗೂ ಪಡಸಾಲೆಗೂ ಓಡಾಡುವವಳು. ಕೈಗೆ ಹಿಟ್ಟು ಮೆತ್ತಿದ ಹೊತ್ತು ನೋಡಿಯೇ ಪರದೆ ಕಪ್ಪಾಗುತ್ತದೆ, ಮೌಸನ್ನು ಮೊಣಕೈಯಿಂದ ತಿವಿದು ಎಬ್ಬಿಸಬೇಕಾಗುತ್ತದೆ. ಆದ್ದರಿಂದ ಅವಳ ಬೇಡಿಕೆ ಅರ್ಧ ತಾಸು. ಇನ್ನು ನಾನು ಹಳೆಯ ಪುಸ್ತಕಗಳ ಪಿಡಿಎಫ್ ಓದುವವನು. ಒಂದೇ ಪುಟದ ಮೇಲೆ ಕಣ್ಣು ನೆಟ್ಟು ಕೂತುಬಿಟ್ಟರೆ, ಇವನು ಎದ್ದುಹೋದ ಎಂದು ತಿಳಿದು ಯಂತ್ರ ನನ್ನ ಮುಖದ ಮೇಲೇ ಬಾಗಿಲು ಹಾಕಿಕೊಳ್ಳುತ್ತದೆ.

ಅದರದೇನೂ ತಪ್ಪಿಲ್ಲ. ಅದಕ್ಕೆ ನಾವು ಕಾಣಿಸುವುದಿಲ್ಲ. ಕೀಬೋರ್ಡ್ ಅಥವಾ ಮೌಸ್ ಕೊನೆಯ ಸಲ ಯಾವಾಗ ಅಲುಗಿತು ಎಂಬುದೊಂದೇ ಅದಕ್ಕಿರುವ ಸುದ್ದಿ. ಅಲ್ಲಿಂದ ನಿಮಿಷ ಎಣಿಸುತ್ತ ಕೂತಿರುತ್ತದೆ. ಹಾಗಾದರೆ ಮೂರು ತಾಸಿನ ಸಿನಿಮಾ ನೋಡುವಾಗ ಪರದೆ ಯಾಕೆ ಆರುವುದಿಲ್ಲ? ಸಿನಿಮಾ ತೋರಿಸುವ ಪ್ರೋಗ್ರಾಂ ಒಳಗಿಂದಲೇ ವಿಂಡೋಸ್‌ಗೆ ಅರ್ಜಿ ಹಾಕಿಕೊಂಡಿರುತ್ತದೆ, ನಾನು ಮುಗಿಸುವ ತನಕ ದೀಪ ಆರಿಸಬೇಡ ಎಂದು. ಅಂಥ ಅರ್ಜಿ ಯಾರು ಯಾರದಿದೆ ಎಂದು ನೋಡುವ ದಾರಿಯೂ ಇದೆ. ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್’ ಎಂದು ಟೈಪ್ ಮಾಡಿದರೆ ಅರ್ಜಿದಾರರ ಪಟ್ಟಿ ಎದುರಿಗೆ ಬರುತ್ತದೆ. ರಾತ್ರಿಯಿಡೀ ಕಂಪ್ಯೂಟರ್ ಯಾಕೆ ಮಲಗಲಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಮೊದಲು ಇದನ್ನು ನೋಡುವುದು ಒಳ್ಳೆಯದು. ವಿಡಿಯೊಗೆ ಇಂಥ ವಕೀಲರಿದ್ದಾರೆ, ಸುಮ್ಮನೆ ಕೂತು ಪುಸ್ತಕ ಓದುವವನಿಗೆ ಇಲ್ಲ. ಲೋಕದ ರೀತಿಯೇ ಹೀಗೆ ಅನ್ನಿ.

ಯಾರೂ ಮುಟ್ಟದಾಗ ಪರದೆಯನ್ನು ಏನು ಮಾಡಬೇಕು ಎಂಬ ಯೋಚನೆ ಹುಟ್ಟಿದ್ದು ಕರೆಂಟ್ ಉಳಿಸುವುದಕ್ಕಲ್ಲ. ಹಳೆಯ ಡಬ್ಬಾ ಮಾನಿಟರಿನ ಗಾಜಿನ ಒಳಮೈಗೆ ಫಾಸ್ಫರ್ ಎಂಬ ಹೊಳೆಯುವ ಪುಡಿ ಬಳಿದಿರುತ್ತಿತ್ತು. ಒಂದೇ ಅಕ್ಷರ ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ನಿಂತರೆ ಅದರ ನೆರಳು ಅಲ್ಲೇ ಸುಟ್ಟು ಉಳಿಯುತ್ತಿತ್ತು. ಅದನ್ನು ತಪ್ಪಿಸಲು ಜಾನ್ ಸೋಶಾ ಎಂಬಾತ 1983ರಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದ. ಮೂರು ನಿಮಿಷ ಯಾರೂ ಏನೂ ಒತ್ತದಿದ್ದರೆ ಪರದೆ ಕಪ್ಪಾಗುತ್ತಿತ್ತು, ಅಷ್ಟೇ. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಿತ್ತು. ಜನಕ್ಕೆ ಕಪ್ಪು ಬಣ್ಣ ಬೇಸರವಾಯಿತು. ಹಾರುವ ನಕ್ಷತ್ರ ಬಂದವು, ಮೀನು ಬಂದವು, ಒಂದಕ್ಕೊಂದು ಹೆಣೆದುಕೊಳ್ಳುತ್ತ ಹೋಗುವ ಬಣ್ಣಬಣ್ಣದ ಪೈಪು ಬಂದವು. ನಮ್ಮ ಕಡೆಯ ಕಚೇರಿಗಳಲ್ಲಂತೂ ಅಕ್ಷರದ ಸಾಲು ಬಲದಿಂದ ಎಡಕ್ಕೆ ಹರಿಯುವ ಸ್ಕ್ರೀನ್‌ಸೇವರೇ ಬಲು ಜನಪ್ರಿಯವಾಗಿತ್ತು. ಕಾರಕೂನರು ಕುರ್ಚಿಯಲ್ಲಿ ಇರಲಿ ಬಿಡಲಿ, ‘ಸುಸ್ವಾಗತ’ ಎಂಬುದು ಪರದೆಯ ಮೇಲೆ ದಿನವಿಡೀ ಮೆರವಣಿಗೆ ಹೊರಟಿರುತ್ತಿತ್ತು. ಅದನ್ನು ಕಂಡು, ನೋಡಿದಿರಾ, ಎಷ್ಟು ಕರೆಂಟ್ ಉಳಿಸುತ್ತಾರೆ ಎಂದು ಮೆಚ್ಚಿದವರೂ ಉಂಟು. ವಾಸ್ತವದಲ್ಲಿ ಸ್ಕ್ರೀನ್‌ಸೇವರಿನಿಂದ ಒಂದು ಪೈಸೆಯ ವಿದ್ಯುತ್ತೂ ಉಳಿಯುವುದಿಲ್ಲ. ಪರದೆ ಹೊತ್ತಿಯೇ ಇರುತ್ತದೆ. ಪೈಪು ಹೆಣೆಯುವ ಕೂಲಿಯನ್ನು ಪ್ರೊಸೆಸರು ಮೇಲಿಂದ ಕೇಳುತ್ತದೆ.

ಕರೆಂಟಿನ ಚಿಂತೆ ಬಂದದ್ದು ಆಮೇಲೆ. 1992ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ‘ಎನರ್ಜಿ ಸ್ಟಾರ್’ ಎಂಬ ಗುರುತು ತಂದಿತು. ಮೊದಲು ಹಚ್ಚಿದ್ದು ಕಂಪ್ಯೂಟರ್ ಮತ್ತು ಮಾನಿಟರುಗಳಿಗೇ. ಆ ಕಾಲದ ಯಂತ್ರ ಶುರುವಾಗುವಾಗ ಕಪ್ಪು ಪರದೆಯ ಮೇಲ್ಗಡೆ ಬಲಮೂಲೆಯಲ್ಲಿ ನಕ್ಷತ್ರವಿದ್ದ ಒಂದು ಚಿತ್ರ ಮಿಂಚಿ ಮಾಯವಾಗುತ್ತಿದ್ದುದು ಕೆಲವರಿಗಾದರೂ ನೆನಪಿದ್ದೀತು. ನಮ್ಮ ದೇಶ ಇಂಧನ ಉಳಿತಾಯದ ಕಾಯ್ದೆ ಮಾಡಿದ್ದು 2001ರಲ್ಲಿ. ಫ್ರಿಜ್ಜು, ಏಸಿಗಳ ಮೇಲೆ ನಕ್ಷತ್ರದ ಚೀಟಿ ಕಾಣತೊಡಗಿದ್ದು 2006ರಿಂದ.

ನಿದ್ದೆಯಲ್ಲೂ ಅಂತಸ್ತುಗಳಿವೆ. ಇಂಟೆಲ್, ಮೈಕ್ರೋಸಾಫ್ಟ್, ತೊಶಿಬಾ ಕಂಪನಿಗಳು 1996ರ ಡಿಸೆಂಬರಿನಲ್ಲಿ ಎಸಿಪಿಐ ಎಂಬ ನಿಯಮಾವಳಿ ಹೊರಡಿಸಿ, ಕಂಪ್ಯೂಟರಿನ ಎಚ್ಚರ, ನಿದ್ದೆಗಳಿಗೆಲ್ಲ ನಂಬರು ಕೊಟ್ಟವು. ಎಸ್0 ಎಂದರೆ ಪೂರ್ತಿ ಎಚ್ಚರ, ಎಸ್3 ಎಂದರೆ ಸ್ಲೀಪ್, ಎಸ್4 ಎಂದರೆ ಹೈಬರ್ನೇಟ್, ಎಸ್5 ಎಂದರೆ ಬಂದ್. ನಂಬರು ಬಿಟ್ಟು ನಮ್ಮ ವಾರದ ಸಂತೆಗೆ ಬನ್ನಿ. ಅಂಗಡಿಯವನು ಮಾಲಿನ ಮೇಲೆ ತಾಡಪತ್ರಿ ಎಳೆದು ಚಹಾ ಕುಡಿಯಲು ಹೋದರೆ ಅದು ಸ್ಲೀಪ್. ಇಟ್ಟದ್ದು ಇಟ್ಟಲ್ಲೇ ಇರುತ್ತದೆ, ಬಂದ ಕೂಡಲೆ ವ್ಯಾಪಾರ ಶುರು. ಆದರೆ ಕಾಯಲು ಒಬ್ಬ ಹುಡುಗ ಬೇಕು. ಯಾವ ಬುಟ್ಟಿ ಎಲ್ಲಿತ್ತು ಎಂದು ಚೀಟಿಯಲ್ಲಿ ಬರೆದು, ಮಾಲನ್ನೆಲ್ಲ ಗೋದಾಮಿಗೆ ಹಾಕಿ ಬೀಗ ಜಡಿದು ಹೋದರೆ ಅದು ಹೈಬರ್ನೇಟ್. ಕಾವಲು ಬೇಡ, ಮರಳಿ ಹೂಡಲು ಕೊಂಚ ಹೊತ್ತು ಬೇಕು. ಅಂಗಡಿಯನ್ನೇ ಕಿತ್ತು ಊರಿಗೆ ಹೊರಟರೆ ಅದು ಶಟ್‌ಡೌನ್.

ಕಾಯುವ ಆ ಹುಡುಗನ ಕೂಲಿಯೇ ಕರೆಂಟು. ಸ್ಲೀಪ್‌ನಲ್ಲಿರುವ ಡೆಸ್ಕ್‌ಟಾಪ್ ತನ್ನ ರ‍್ಯಾಮನ್ನು ಜೀವಂತ ಇಟ್ಟುಕೊಳ್ಳಲು ಎರಡು ಮೂರು ವ್ಯಾಟ್ ತಿನ್ನುತ್ತದೆ. ಕೂಲಿ ಕಡಿಮೆಯೇ, ಆದರೆ ಹುಡುಗ ಎದ್ದುಹೋದರೆ ಮಾಲೂ ಹೋಯಿತು. ಜೂನ್ ಜುಲೈ ತಿಂಗಳಲ್ಲಿ ನಮ್ಮ ಕಡೆ ಮಳೆ ಹಿಡಿದರೆ ಕೇಳಬೇಡಿ. ಗಾಳಿ ಬೀಸುತ್ತದೆ, ಎಲ್ಲೋ ತೇಗದ ಟೊಂಗೆಯೊಂದು ತಂತಿಯ ಮೇಲೆ ಒರಗುತ್ತದೆ, ಓಣಿಗೆ ಓಣಿಯೇ “ಲೈಟ್ ಹೋದ್ವು!” ಎನ್ನುತ್ತದೆ. ಯುಪಿಎಸ್ ಎಂಬ ಡಬ್ಬಿ ಕುಂಯ್ ಕುಂಯ್ ಎಂದು ಅಳತೊಡಗುತ್ತದೆ. ಮನೆಗೆ ತರುವ ಸಣ್ಣ ಯುಪಿಎಸ್ಸಿನ ಹೊಟ್ಟೆಯಲ್ಲಿರುವುದು 12 ವೋಲ್ಟಿನ, 7 ಆಂಪಿಯರ್-ತಾಸಿನ ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ತಾಸು. ಓಡುತ್ತಿರುವ ಕಂಪ್ಯೂಟರ್, ಮಾನಿಟರ್ ಸೇರಿ ಸುಮಾರು 100 ವ್ಯಾಟ್ ಎಳೆದರೆ ಕಾಗದದ ಮೇಲೆ ಮುಕ್ಕಾಲು ತಾಸಿಗೂ ಹೆಚ್ಚು ಬರಬೇಕಾದದ್ದು ನಡುವಿನ ಸೋರಿಕೆ, ಬ್ಯಾಟರಿಯ ವಯಸ್ಸು ಎಲ್ಲ ಸೇರಿ ಹದಿನೈದಿಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಅದಕ್ಕೇ ಡೆಸ್ಕ್‌ಟಾಪಿನವರಿಗೆ ‘ಹೈಬ್ರಿಡ್ ಸ್ಲೀಪ್’ ಎಂಬ ಉಪಾಯವಿದೆ. ಮಲಗುವ ಮುನ್ನ ಯಂತ್ರ ಡಿಸ್ಕಿನ ಮೇಲೂ ಒಂದು ಪ್ರತಿ ಬರೆದಿಟ್ಟುಕೊಳ್ಳುತ್ತದೆ. ಕರೆಂಟ್ ಇದ್ದರೆ ರ‍್ಯಾಮಿನಿಂದ ಥಟ್ಟನೆ ಏಳುತ್ತದೆ, ಹೋಗಿದ್ದರೆ ಡಿಸ್ಕಿನಿಂದ ನಿಧಾನಕ್ಕೆ ಏಳುತ್ತದೆ. ನಮ್ಮಂಥ ಮಲೆಸೀಮೆಯ ಅಂಚಿನವರಿಗೆ ಇದಕ್ಕಿಂತ ಒಳ್ಳೆಯ ಸೆಟ್ಟಿಂಗ್ ಮತ್ತೊಂದಿಲ್ಲ.

ಮಳೆ ಮುಗಿದು ದೀಪಾವಳಿ ದಾಟಿದರೆ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ನಮ್ಮ ಮನೆ ಮುಂದೆ ಹಾಯುತ್ತವೆ, ಮೇಲೆ ಡೆಕ್ಕಿನಲ್ಲಿ ಹಾಡು ಬೇರೆ. ಅಂಥದೊಂದು ರಾತ್ರಿ ಅವ್ವ ನನ್ನನ್ನು ಎಬ್ಬಿಸಿ, “ಪಡಸಾಲ್ಯಾಗ ಯಾರೋ ಲೈಟ್ ಹಚ್ಯಾರ ನೋಡೋ” ಎಂದಳು. ಹೋಗಿ ನೋಡಿದರೆ ಯಾರೂ ಇಲ್ಲ. ಮಲಗಿಸಿದ್ದ ಕಂಪ್ಯೂಟರ್ ತಾನಾಗಿ ಎದ್ದು ನೀಲಿ ಬೆಳಕು ಚೆಲ್ಲುತ್ತ ಕೂತಿದೆ. ಮರುದಿನ ರಾತ್ರಿಯೂ ಅದೇ. ಅವ್ವ ನಿಂಬೆಹಣ್ಣು ತರುವ ಮಾತಾಡಿದಳು. ಮಗ ‘ಪವರ್‌ಸಿಎಫ್‌ಜಿ /ಲಾಸ್ಟ್‌ವೇಕ್’ ಎಂದು ಟೈಪ್ ಮಾಡಿದ. ಕೊನೆಗೆ ಎಬ್ಬಿಸಿದವರು ಯಾರು ಎಂಬ ಪ್ರಶ್ನೆ ಅದು. ಉತ್ತರವಾಗಿ ಮೌಸಿನ ಹೆಸರು ಬಂತು. ಮನೆ ಮುಂದೆ ಟ್ರ್ಯಾಕ್ಟರ್ ಹಾಯುವಾಗ ಮೇಜು ಸಣ್ಣಗೆ ನಡುಗುತ್ತದೆ. ಅಡಿಯಲ್ಲಿ ಕೆಂಪು ದೀಪ ಇಟ್ಟುಕೊಂಡ ಮೌಸಿಗೆ ಕೂದಲೆಳೆಯಷ್ಟು ಅಲುಗಾಟವೂ ಸಾಕು, ಯಜಮಾನ ಬಂದ ಎಂದು ಕೂಗಿಬಿಡುತ್ತದೆ. ಡಿವೈಸ್ ಮ್ಯಾನೇಜರಿಗೆ ಹೋಗಿ, ಮೌಸಿನ ಹೆಸರಿನ ಮೇಲೆ ಎರಡು ಸಲ ಒತ್ತಿ, ‘ಪವರ್ ಮ್ಯಾನೇಜ್‌ಮೆಂಟ್’ ಎಂಬಲ್ಲಿ, ಕಂಪ್ಯೂಟರನ್ನು ಎಬ್ಬಿಸುವ ಹಕ್ಕು ಇದಕ್ಕಿದೆ ಎಂಬ ಸಾಲಿನ ಮುಂದಿನ ಟಿಕ್ ತೆಗೆದದ್ದಾಯಿತು. ಈಗ ಎಬ್ಬಿಸುವ ಹಕ್ಕು ಕೀಬೋರ್ಡಿಗೆ ಮಾತ್ರ. ಟ್ರ್ಯಾಕ್ಟರ್ ಎಷ್ಟೇ ಗುಡುಗಲಿ, ಯಂತ್ರ ಮಿಸುಕುವುದಿಲ್ಲ. ಎಚ್ಚರವಾಗುವವನು ನಾನೊಬ್ಬನೇ.

ಈ ಕಥೆ ಕೇಳಿ ಬಿದ್ದುಬಿದ್ದು ನಕ್ಕವರು ಪಕ್ಕದ ಮನೆಯ ಕಾಕಾ. ಅಂಬಿಕಾನಗರದಲ್ಲಿ ಮನೆ ಮಾಡಿಕೊಂಡು ನಾಗಝರಿ ಪವರ್‌ಹೌಸಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ನಮ್ಮ ಮನೆಯ ನಿಮಿಷಗಳ ಜಗಳವನ್ನು ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದು ಒಂದೇ ಮಾತು: “ಮಲಗಸೂದು ಭಾಳ ಸಸಾರ ಐತೋ ತಮ್ಮಾ. ಎಬ್ಬಸಾಕ ಎಷ್ಟೊತ್ತ ಬೇಕು, ಅದನ್ನ ಮೊದಲ ಕೇಳು.”

ಕಾಳಿ ನದಿಯ ಪವರ್‌ಹೌಸುಗಳೆಲ್ಲ ನಡೆಯುವುದೇ ಈ ಒಂದು ಮಾತಿನ ಮೇಲಂತೆ. ಜೋಯಿಡಾ ತಾಲೂಕಿನಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುವ ಈ ನದಿ ನಮ್ಮ ಜಿಲ್ಲೆಯ ಗಡಿ ದಾಟುವುದಿಲ್ಲ. ಆದರೆ ದಾರಿಯಲ್ಲಿ ಅದರಿಂದ ತೆಗೆಯುವ ಕೆಲಸ ನೋಡಿ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಮಳೆಗಾಲದ ನೀರನ್ನು ಹಿಡಿದಿಡುತ್ತದೆ. ಹಳೆಯ ಸೂಪಾ ಪೇಟೆ ಆ ನೀರಿನ ಅಡಿಗೆ ಹೋಗಿ, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಅಣೆಕಟ್ಟಿನ ಬುಡದಲ್ಲಿ 100 ಮೆಗಾವ್ಯಾಟ್ ತಯಾರಿಸಿದ ನೀರು ಬೊಮ್ಮನಹಳ್ಳಿಗೆ ಬಂದು, ಸುರಂಗ ಹೊಕ್ಕು, ನಾಗಝರಿಯಲ್ಲಿ ಇನ್ನೂ ಎಂಟುನೂರಕ್ಕೂ ಹೆಚ್ಚು ಮೆಗಾವ್ಯಾಟ್ ಕೊಡುತ್ತದೆ. ಅಲ್ಲಿಂದ ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150. ಹಾಗೆ ನಾಲ್ಕು ಸಲ ದುಡಿದರೂ ಸಾಲದು. ಕದ್ರಾ ಹಿನ್ನೀರಿನಿಂದಲೇ ಕೈಗಾದ ಅಣುಸ್ಥಾವರವನ್ನು ತಂಪಾಗಿ ಇಡುತ್ತಾರೆ.

ಈಗ ಕಾಕಾನ ಮಾತನ್ನು ಇದಕ್ಕೆ ಹಚ್ಚಿ. ನೀರಿನ ಟರ್ಬೈನು ನಿಂತಿದ್ದರೆ ಕೆಲವೇ ನಿಮಿಷಗಳಲ್ಲಿ ತಿರುಗಿ ಕರೆಂಟ್ ಕೊಡುತ್ತದೆ. ಆದ್ದರಿಂದ ಅದನ್ನು ಬೇಕೆಂದಾಗ ಮಲಗಿಸಬಹುದು. ಹಗಲು ಪಾವಗಡದ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕಿನಂಥವು ದುಡಿಯುವಾಗ ನೀರನ್ನು ಉಳಿಸಿಕೊಂಡು, ಸಂಜೆ ಸೂರ್ಯ ಮುಳುಗಿ ಊರೆಲ್ಲ ದೀಪ, ಟೀವಿ, ಮಿಕ್ಸರ್ ಹಚ್ಚುವ ಹೊತ್ತಿಗೆ ಇವನ್ನು ಕರೆಯಬಹುದು. ರಾಯಚೂರಿನ ಕಲ್ಲಿದ್ದಲ ಘಟಕ ಹಾಗಲ್ಲ. ತಣ್ಣಗಾದ ಬಾಯ್ಲರ್ ಕಾದು ಹದಕ್ಕೆ ಬರಲು ತಾಸುಗಟ್ಟಲೆ ಹಿಡಿಯುತ್ತದೆ. ಇನ್ನು ಕೈಗಾ. ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಓಡುತ್ತಿದ್ದ ರಿಯಾಕ್ಟರ್ ನಿಂತರೆ ಅದರೊಳಗೆ ಕ್ಸೆನಾನ್ ಹೆಚ್ಚುತ್ತ ಹೋಗಿ, ಅದು ಇಳಿಯುವ ತನಕ ಮತ್ತೆ ಹೊತ್ತಿಸಲು ಆಗದೆ ಒಂದು ದಿನಕ್ಕೂ ಹೆಚ್ಚು ಕಾಯಬೇಕಾಗಬಹುದು. ಹಾಗಾಗಿ ಅದನ್ನು ಮಲಗಿಸುವ ಗೊಡವೆಗೇ ಹೋಗುವುದಿಲ್ಲ. ಓಡುತ್ತಿರುವಾಗಲೇ ಇಂಧನ ತುಂಬುವ ಏರ್ಪಾಡು ಅದಕ್ಕಿದೆ. ಕೈಗಾದ ಒಂದನೆಯ ಘಟಕ 2016ರ ಮೇ 13ಕ್ಕೆ ಎದ್ದದ್ದು 2018ರ ಡಿಸೆಂಬರ್ 31ರ ತನಕ ಕಣ್ಣು ಮುಚ್ಚಲಿಲ್ಲ. 962 ದಿನ, ಅಂದಿಗೆ ಅದು ಜಗತ್ತಿನ ದಾಖಲೆ. ನಮ್ಮ ಮನೆಯಲ್ಲಿ ಡೌನ್‌ಲೋಡಿನವನು ಕೇಳುವ ‘ನೆವರ್’ ಎಂಬ ಸೆಟ್ಟಿಂಗನ್ನು ನಿಜವಾಗಿ ಸಾಧಿಸಿದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ.

ಕಾಕಾನ ಸೂತ್ರ ಹಿಡಿದು ನಮ್ಮ ಮನೆಯ ಕಂಪ್ಯೂಟರಿಗೂ ರಾಜಿ ಪಂಚಾಯ್ತಿ ಆಯಿತು. ಆರಿದ ಪರದೆ ಹೊತ್ತಲು ಒಂದೆರಡು ಸೆಕೆಂಡ್. ಆದ್ದರಿಂದ ಅಲ್ಲಿ ಬಿಗಿ ಮಾಡು: ಐದು ನಿಮಿಷ. ಅವ್ವ ಒಂದರಿಂದ ಐದಕ್ಕೆ ಏರಿದಳು, ಉಳಿದವರು ಐದಕ್ಕೆ ಇಳಿದರು. ಸ್ಲೀಪ್‌ನಿಂದ ಏಳಲು ಕೆಲವು ಸೆಕೆಂಡ್, ನಡುವೆ ಪಾಸ್‌ವರ್ಡ್ ಬೇರೆ ಕೇಳುತ್ತದೆ. ಅಲ್ಲಿ ಸಡಿಲ ಬಿಡು: ಅರ್ಧ ತಾಸು. ಹೈಬರ್ನೇಟ್ ಆದರೆ ಇನ್ನೂ ತಡ, ಅದು ರಾತ್ರಿಗೆ. ಡೌನ್‌ಲೋಡ್ ಇದ್ದ ದಿನ ಮಗ ಹೇಳಿ ಕೇಳಿ ‘ನೆವರ್’ ಹಾಕಿಕೊಳ್ಳಲಿ, ಮುಗಿದ ಮೇಲೆ ಅವನೇ ತೆಗೆಯಲಿ. ಯುಪಿಎಸ್ ಸುಮ್ಮನಿದ್ದಾಗಲೂ ಒಂದಿಷ್ಟು ಕರೆಂಟ್ ಮೇಯುತ್ತಿರುತ್ತದೆ, ಆದ್ದರಿಂದ ಹೈಬರ್ನೇಟ್ ಆದ ಮೇಲೆ ಗೋಡೆಯ ಬಟನ್ನನ್ನೇ ಆರಿಸುವುದು ನನ್ನ ಕೆಲಸ. ನಿಮಿಷಗಳನ್ನು ಮನಸ್ಸಿಗೆ ಬಂದಂತೆ ಆರಿಸುವ ಬದಲು, ಎಬ್ಬಿಸುವ ಕಷ್ಟ ನೋಡಿ ಆರಿಸಿದಾಗ ಯಾರಿಗೂ ಸೋತೆವೆನಿಸಲಿಲ್ಲ.

ಇಷ್ಟೆಲ್ಲ ಮಾಡಿ ಉಳಿದದ್ದೆಷ್ಟು? ಸಾವಿರ ವ್ಯಾಟ್ ಒಂದು ತಾಸು ಉರಿದರೆ ಒಂದು ಯೂನಿಟ್. ಕಂಪ್ಯೂಟರ್, ಮಾನಿಟರ್ ಸೇರಿ ಸುಮಾರು 100 ವ್ಯಾಟ್ ಹಿಡಿಯಿರಿ. ರಾತ್ರಿ ಒಂಬತ್ತರಿಂದ ಬೆಳಗಿನ ಆರರ ತನಕ ಹಾಗೇ ಬಿಟ್ಟರೆ ಒಂದು ಯೂನಿಟ್ಟಿಗೆ ಚೂರು ಕಡಿಮೆ, ತಿಂಗಳಿಗೆ 27. ಅದೇ ಹೊತ್ತು ಸ್ಲೀಪ್‌ನಲ್ಲಿಟ್ಟರೆ ತಿಂಗಳಿಗೆ ಒಂದು ಯೂನಿಟ್ಟೂ ಆಗುವುದಿಲ್ಲ. ಕಡಿಮೆಯೇನಲ್ಲ. ಆದರೆ ಬಿಲ್ಲು ಮೊದಲಿನಂತೆ ಮಾತಾಡುವುದಿಲ್ಲ ಈಗ. 2023ರಲ್ಲಿ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದಿತಲ್ಲ, 200 ಯೂನಿಟ್ಟಿನ ತನಕ ಪುಕ್ಕಟೆ. ಪುಕ್ಕಟೆ ಎಂದರೆ ಎಲ್ಲರಿಗೂ 200 ಅಲ್ಲ: 2022–23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದರ ಮೇಲೆ ಶೇಕಡ 10 ಸೇರಿಸಿ ಕೊಡುವುದು ಯೋಜನೆ ಬಂದಾಗಿನ ನಿಯಮ. ಆ ವರ್ಷ 90 ಉರಿಸಿದ ಮನೆಗೆ 99, 150 ಉರಿಸಿದ ಮನೆಗೆ 165. ಅಂದರೆ ಆಗ ಹಿಂದೆ ಹಿಂದೆ ಓಡಾಡಿ ಬಟನ್ ಆರಿಸಿದವರ ಪಾಲಿಗೆ ಕಡಿಮೆ, ಬಿಟ್ಟು ಮಲಗಿದವರ ಪಾಲಿಗೆ ಹೆಚ್ಚು! ಈ ಲೆಕ್ಕವನ್ನು ಅವ್ವನಿಗೆ ವಿವರಿಸಿದೆ. ಅವಳು ಒಂದು ಕ್ಷಣ ಯೋಚಿಸಿ, “ಇರಲಿ ಬಿಡೋ, ಉಳಿಸಿದ್ದು ಎಲ್ಲಿಗೂ ಹೋಗೂದಿಲ್ಲ” ಎಂದಳು. ಸಂಜೆಯ ಹೊತ್ತು ನಾವು ಉರಿಸದ ಕರೆಂಟು ಸೂಪಾದಲ್ಲಿ ನೀರಾಗಿಯೇ ನಿಂತಿರುತ್ತದೆ ಎಂಬ ಅರ್ಥದಲ್ಲಿ ಹೇಳಿದಳೋ, ಪುಣ್ಯದ ಖಾತೆಯ ಅರ್ಥದಲ್ಲೋ, ಕೇಳಲು ಹೋಗಲಿಲ್ಲ. ಎರಡೂ ಸರಿಯೇ.

ಹೆಂಡತಿ ಮಾತ್ರ ಕಾಗದ ಪೆನ್ನು ತೆಗೆದುಕೊಂಡು ಕೂತಳು. ಕಂಪ್ಯೂಟರ್ ಹತ್ತು ತಾಸು ಓಡಿದರೆ ಒಂದು ಯೂನಿಟ್. 2000 ವ್ಯಾಟಿನ ಗೀಸರ್ ಅರ್ಧ ತಾಸಿಗೇ ಒಂದು ಯೂನಿಟ್. ಮನೆಮಂದಿಯ ಸ್ನಾನಕ್ಕೆ ದಿನಾ ಒಂದು ತಾಸು ಹಚ್ಚಿದರೆ ತಿಂಗಳಿಗೆ 60. “ಇಷ್ಟ ದಿನ ಇಲಿ ಹಿಡ್ಯಾಕ ಜಗಳಾಡಿದ್ವಿ, ಆನಿ ಬಚ್ಚಲದಾಗ ನಿಂತೈತ್ರೀ” ಎಂದಳು. ಹಿತ್ತಲಲ್ಲಿ ಹಳೆಯ ತಾಮ್ರದ ಹಂಡೆ ಇದೆ, ಒಲೆ ಇದೆ, ತೆಂಗಿನ ಸಿಪ್ಪೆಗೆ ಬರವಿಲ್ಲ. ಚಳಿಗಾಲ ಮುಗಿಯುವ ತನಕ ಗೀಸರ್ ಬಂದ್ ಎಂದು ಸರ್ವಾನುಮತದ ಠರಾವಾಯಿತು. ಉಳಿದದ್ದು ಒಂದೇ ಪ್ರಶ್ನೆ: ನಸುಕಿನಲ್ಲಿ ಎದ್ದು ಹಂಡೆಗೆ ಉರಿ ಹಚ್ಚುವವರು ಯಾರು? ಅವ್ವನಿಗೆ ಮಂಡಿನೋವು. ಮಗ ಕೈಗಾದ ಜಾತಿಯವನು, ಒಮ್ಮೆ ಮಲಗಿದರೆ ಮತ್ತೆ ಚಾಲೂ ಮಾಡುವುದು ದೊಡ್ಡ ಕೆಲಸ.

“ಕಬ್ಬಿನ ಟ್ರ್ಯಾಕ್ಟರ್ ಸಪ್ಪಳಕ್ಕ ಏಳೋರು ನೀವೊಬ್ಬರ ಅಲ್ಲೇನ್ರೀ?” ಎಂದಳು ಹೆಂಡತಿ. “ಕಾಕಾ ಹೇಳಿದ ಲೆಕ್ಕದಾಗ ಹಂಡೆ ನಿಮ್ಮ ಪಾಲಿಗೇ ಬಂತು.”

ಬೇಗ ಏಳುವವನನ್ನು ಧಾರಾಳವಾಗಿ ಮಲಗಲು ಬಿಡಬಹುದು ಎಂಬುದು ಕಾಕಾನ ಸೂತ್ರದ ತಾತ್ಪರ್ಯ ಎಂದು ನಾನು ವಾದಿಸಿ ನೋಡಿದೆ. ಬೇಗ ಏಳುವವನನ್ನು ಧಾರಾಳವಾಗಿ ಎಬ್ಬಿಸಬಹುದು ಎಂಬುದೂ ಅದರದೇ ತಾತ್ಪರ್ಯವೆಂದು ಅವಳು ಹೇಳಿದಳು. ಕಾಕಾನನ್ನು ಕೇಳಿದರೆ ಅವರು ಅವಳ ಕಡೆಯೇ ವಾಲಿದರು. ನಾಗಝರಿಯ ಟರ್ಬೈನುಗಳ ಹಣೆಬರಹವೂ ಅದೇ ಅಂತೆ. ಕರೆದ ಕೂಡಲೆ ಬರುತ್ತವೆ ಎಂಬ ಒಂದೇ ಕಾರಣಕ್ಕೆ ದಿನಾ ಅವನ್ನೇ ಕರೆಯುತ್ತಾರಂತೆ.